ಗುಮಾಸ್ತರ ಕ್ಯಾಮೆರಾ, ಅಕ್ಕನ ಗೋಡೆ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಮಾತನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರಿಗೆ ನಮ್ಮ ಗುಮಾಸ್ತರಂಥ ಒಬ್ಬ ನೆಂಟ ಇದ್ದಿರಲೇಬೇಕು.

ಗುಮಾಸ್ತರು ನಗರಸಭೆಯ ಜನನ-ಮರಣ ವಿಭಾಗದವರು. ಊರಿನಲ್ಲಿ ಯಾರು ಹುಟ್ಟಿದರೂ, ಯಾರು ಸತ್ತರೂ ಇವರ ಕಿಟಕಿಯ ಮುಂದೆ ಬಂದು ನಿಲ್ಲಬೇಕು. ಸತ್ತವರೇ ಬಂದು ನಿಲ್ಲುವುದಿಲ್ಲ, ಅವರ ಪರವಾಗಿ ಮಕ್ಕಳು ಬರುತ್ತಾರೆ. ಇಷ್ಟನ್ನು ಬಿಡಿಸಿ ಹೇಳದಿದ್ದರೆ ಅರ್ಜಿಯನ್ನೇ ವಾಪಸು ಕೊಡುವವರ ಪೈಕಿ ಅವರು. ಸ್ವಭಾವತಃ ಪುಕ್ಕಲು. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡಿ, ಬಸ್ಸು ತಪ್ಪಿಸಿಕೊಂಡು, ತಡವಾಯಿತಲ್ಲ ಎಂದು ದಾರಿಯುದ್ದಕ್ಕೂ ಬೆವರುವವರು.

ಇಂಥವರ ಕೈಗೆ ಕ್ಯಾಮೆರಾ ಬಂದದ್ದು ಹೇಗೆ ಅಂದರೆ, ಆಫೀಸಿನ ಎದುರಿನ ಫೋಟೋ ಸ್ಟುಡಿಯೋದವನು ಅಂಗಡಿ ಮುಚ್ಚುವವನಿದ್ದ. ಹಳೆಯ ಸಾಮಾನನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತಿದ್ದ. ಗುಮಾಸ್ತರು ಸುಮ್ಮನೆ ಒಂದು ಕ್ಯಾಮೆರಾ ಎತ್ತಿ, ಎದುರಿನ ತುಕ್ಕು ಹಿಡಿದ ಗೇಟನ್ನು ಕ್ಲಿಕ್ಕಿಸಿದರು. ಸ್ಟುಡಿಯೋದವನು ಅದರ ಪರದೆಯಲ್ಲಿ ನೋಡಿ, "ಸಾರ್, ಇಂಥದ್ದನ್ನ ನೋಡೋ ಕಣ್ಣು ಎಲ್ಲರಿಗೂ ಇರಲ್ಲ" ಎಂದ. ಮಾರುವವನು ಮಾರುವುದಕ್ಕೆ ಹೇಳಿದ ಮಾತು ಅದು. ಆದರೆ ಹುಟ್ಟಿದಾಗಿನಿಂದ ಗುಮಾಸ್ತರಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಅವತ್ತು ಮನೆಗೆ ಹೋಗುವಾಗ ಕ್ಯಾಮೆರಾ ಕೊರಳಲ್ಲಿತ್ತು, ಕಾಲು ನೆಲದ ಮೇಲಿರಲಿಲ್ಲ.

"ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ, ಫೋಟೋ ತೆಗೀತಾರಂತೆ" ಎಂದಳು ಹೆಂಡತಿ.

"ಮೊಳೆಗೂ ಕಲೆಗೂ ಏನೇ ಸಂಬಂಧ?"

"ತೆಗೆದ ಫೋಟೋ ನೇತು ಹಾಕೋಕೆ ಮೊಳೆ ಬೇಡ್ವಾ?"

ಗುಮಾಸ್ತರು ಕ್ಯಾಮೆರಾದ ಗಾಜು ಒರೆಸತೊಡಗಿದರು. ಕಲಾವಿದರು ಇಂಥ ಪ್ರಶ್ನೆಗಳಿಗೆ ಉತ್ತರಿಸಬಾರದು ಎಂದು ಅಷ್ಟರಲ್ಲಿ ಅವರಿಗೆ ತಿಳಿದುಹೋಗಿತ್ತು.

ಮುಂದಿನ ಭಾನುವಾರದಿಂದ ಗುಮಾಸ್ತರು ಬೀದಿ ಸುತ್ತಲು ಶುರು ಮಾಡಿದರು. ಹೊಸ ಬಡಾವಣೆಯ ಕಡೆ ತಿರುಗಿಯೂ ನೋಡಲಿಲ್ಲ. ಹೊಸ ಮನೆಗೆ ಮುಖವೇ ಇರುವುದಿಲ್ಲ, ಗೋಡೆಗೆ ವಯಸ್ಸಾಗಬೇಕು, ಸುಣ್ಣ ಉದುರಬೇಕು, ಆಗಲೇ ಅದು ಮಾತಾಡುವುದು ಎಂಬುದು ಅವರ ಸಿದ್ಧಾಂತ. ಈ ಲೆಕ್ಕದಲ್ಲಿ ಊರಿನಲ್ಲೇ ಅತಿ ಹೆಚ್ಚು ಮಾತಾಡುವ ಗೋಡೆಗಳಿದ್ದದ್ದು ಅವರ ಅಕ್ಕ ಇರುವ ಬೀದಿಯಲ್ಲಿ.

ಅಕ್ಕನ ವಿಷಯ ಇಲ್ಲೇ ಹೇಳಿಬಿಡಬೇಕು. ಗುಮಾಸ್ತರನ್ನು ಎತ್ತಿ ಆಡಿಸಿ, ಕಿವಿ ಹಿಂಡಿ, ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಭಾವ ತೀರಿಹೋದ ಮೇಲೆ ಆ ಬೀದಿಯ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿಂದೆ ಅಡುಗೆಮನೆ, ಇಷ್ಟೇ ಅವಳ ಸಾಮ್ರಾಜ್ಯ. "ನನ್ನ ಮನೆಗೆ ಬಂದಿರು" ಎಂದು ಗುಮಾಸ್ತರು ಕರೆದಾಗಲೆಲ್ಲ, "ನನ್ನ ಮೆಷಿನ್ನು ಈ ಕಿಟಕಿ ಬೆಳಕಿಗೆ ಒಗ್ಗಿಕೊಂಡಿದೆ ಕಣೋ, ಬೇರೆ ಕಡೆ ಓಡಲ್ಲ" ಎಂದುಬಿಡುತ್ತಾಳೆ. ಆ ಮನೆಯ ಮುಂಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಬಿರುಕು. ಬಿರುಕಿನಲ್ಲಿ ಎಲ್ಲಿಂದಲೋ ಬಂದು ಬೇರು ಬಿಟ್ಟ ಒಂದು ಪುಟ್ಟ ಗಿಡ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಾಗ ಗುಮಾಸ್ತರ ಉಸಿರೇ ನಿಂತಂತಾಯಿತು. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಆ ಗೋಡೆಯ ಫೋಟೋ ತೆಗೆದರು. ಅವರ ಬದುಕಿನ ಅತ್ಯುತ್ತಮ ಚಿತ್ರ ಅದು.

ಎದ್ದು ಮಂಡಿ ಒರೆಸಿಕೊಳ್ಳುವಾಗ ಎದುರಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ಹೊರಗೆ ಬಂದಿದ್ದ.

"ಏನು ಸಾರ್, ಬೆಳಗ್ಗೆ ಬೆಳಗ್ಗೆ?"

ಇದಕ್ಕೆ "ಸುಮ್ಮನೆ, ಹವ್ಯಾಸ" ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಕೊರಳಲ್ಲಿ ಕ್ಯಾಮೆರಾ ಇರುವಾಗ ಮನುಷ್ಯನ ಬಾಯಲ್ಲಿ ಸಣ್ಣ ಮಾತು ಬರುವುದಿಲ್ಲ. ಗುಮಾಸ್ತರು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ವಿಷಾದದಿಂದ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು: "ಇದೆಲ್ಲ ಇನ್ನೆಷ್ಟು ದಿನ ಇರುತ್ತೋ. ಹೋಗೋ ಮುಂಚೆ ಒಂದು ದಾಖಲೆ ಇರಲಿ ಅಂತ."

ಗಡಿಯಾರದವನ ಭೂತಗನ್ನಡಿ ಕಣ್ಣಿನಿಂದ ಜಾರಿ ಅಂಗೈಗೆ ಬಿತ್ತು.

ಅವನದು ತಪ್ಪು ಎನ್ನುವ ಹಾಗಿಲ್ಲ. ಹಿಂದಿನ ಬೀದಿಯನ್ನು ಅಗಲ ಮಾಡಿದಾಗ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೊದಲು ನಗರಸಭೆಯ ಒಬ್ಬ ಮನುಷ್ಯ ಕ್ಯಾಮೆರಾ ಹಿಡಿದು ಬಂದ. ಆಮೇಲೆ ಗೋಡೆಗಳ ಮೇಲೆ ಕೆಂಪು ಗುರುತು ಬಂತು. ಆಮೇಲೆ ಹಳದಿ ಯಂತ್ರ ಬಂತು. ಈಗ ಇಲ್ಲೂ ನಗರಸಭೆಯ ಮನುಷ್ಯ, ಕೈಯಲ್ಲಿ ಕ್ಯಾಮೆರಾ, ಬಾಯಲ್ಲಿ ದಾಖಲೆಯ ಮಾತು. ಅದೂ ಬಿರುಕು ಬಿಟ್ಟ ಗೋಡೆಗಳನ್ನೇ ಹುಡುಕಿ ಹುಡುಕಿ ತೆಗೆಯುತ್ತಿದ್ದಾನೆ. ಸಾಲದ್ದಕ್ಕೆ ಮರಣ ವಿಭಾಗದವನು.

ಮಾರನೇ ಸಂಜೆ ಗುಮಾಸ್ತರ ಮನೆಯ ಬಾಗಿಲು ಬಡಿದ ಸದ್ದಾಯಿತು. ಗಡಿಯಾರದವನು ಮುಂದೆ, ಅವನ ಹಿಂದೆ ಬ್ರೆಡ್ ಅಂಗಡಿಯ ಯಜಮಾನಿತಿ, ಅವಳ ಹಿಂದೆ ನಿವೃತ್ತ ಮೇಷ್ಟ್ರು. ಯಜಮಾನಿತಿಯ ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ.

"ಇದೇನಮ್ಮ ಇದು?" ಎಂದರು ಗುಮಾಸ್ತರು, ಎರಡು ಹೆಜ್ಜೆ ಹಿಂದೆ ಸರಿದು.

"ಏನಿಲ್ಲಪ್ಪ, ಮಕ್ಕಳಿರೋ ಮನೆ ಅಂತ ತಂದೆ."

"ನಮಗೆ ಮಕ್ಕಳಿಲ್ಲವಲ್ಲ."

"ಹಾಗಾದ್ರೆ ನೀವೇ ತಿನ್ನಿ. ನಮ್ಮ ಅಂಗಡಿ ಮೂಲೆ ಸ್ವಲ್ಪ ಬಾಗಿದೆ ಅಷ್ಟೇ. ನಾನು ಮದುವೆಯಾಗಿ ಬಂದಾಗಿಂದ ಹಾಗೇ ಇದೆ. ಬಿದ್ದಿದ್ರೆ ಇಷ್ಟು ಹೊತ್ತಿಗೆ ಬಿದ್ದಿರ್ತಿತ್ತು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಮ್ಮ ಬಾಲ್ಕನಿ ಜೋತು ಬಿದ್ದಿರೋ ಹಾಗೆ ಫೋಟೋದಲ್ಲಿ ಕಂಡಿರಬಹುದು. ಅದನ್ನ ಕಟ್ಟಿಸಿರೋದೇ ಹಾಗೆ. ಆ ಕಾಲದ ಶೈಲಿ ಅದು."

ಆಗ ಗುಮಾಸ್ತರಿಗೆ ವಿಷಯ ಹೊಳೆಯಿತು. "ಅಯ್ಯೋ, ಇದು ಆಫೀಸಿನ ಕೆಲಸ ಅಲ್ಲ. ನಾನು ನನ್ನ ಸಂತೋಷಕ್ಕೆ ತೆಗೆದದ್ದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮ ಮನೆ ಬಿರುಕು ಬಿಟ್ರೆ ನಿಮಗೆ ಸಂತೋಷನಾ?" ಎಂದಳು ಯಜಮಾನಿತಿ.

"ಹಾಗಲ್ಲಮ್ಮ, ಬಿರುಕಲ್ಲಿ ಒಂದು ಸೌಂದರ್ಯ ಇದೆ."

"ಇರಲಿ ಬಿಡಿ ಸಾರ್" ಎಂದ ಗಡಿಯಾರದವನು, ಧ್ವನಿ ತಗ್ಗಿಸಿ. "ಹೇಳೋ ಹಾಗಿಲ್ಲ ಅಂತ ನಮಗೂ ಅರ್ಥ ಆಗುತ್ತೆ. ನಿಮಗೂ ಮೇಲಿನವರ ಭಯ ಇರುತ್ತೆ. ಎಷ್ಟು ದಿನ ಟೈಮ್ ಇದೆ ಅಂತ ಅಷ್ಟು ಹೇಳಿಬಿಡಿ."

"ಟೈಮ್ ಏನೂ ಇಲ್ಲ" ಎಂದರು ಗುಮಾಸ್ತರು, ಸಮಾಧಾನ ಹೇಳುವ ಆತುರದಲ್ಲಿ.

ಮೂವರೂ ಬೆಳ್ಳಗಾದರು. ಬ್ರೆಡ್ಡಿನ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು, ಕೂಗಿ ಕರೆದರೂ ತಿರುಗಿ ನೋಡದೆ ಹೊರಟುಹೋದರು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಪೊಟ್ಟಣ ಎತ್ತಿಕೊಂಡು, "ಬೀದೀಲಿ ಹೋಗ್ತಿದ್ದ ಮಾರೀನ ಮನೆಗೆ ಕರೆದ ಹಾಗಾಯ್ತು. ಬ್ರೆಡ್ಡು ಮಾತ್ರ ಚೆನ್ನಾಗಿದೆ" ಎಂದಳು.

ಆ ವಾರವೆಲ್ಲ ಗುಮಾಸ್ತರಿಗೆ ಊಟ ಸೇರಲಿಲ್ಲ. ಭಾನುವಾರ ಬೆಳಗ್ಗೆ ಕ್ಯಾಮೆರಾವನ್ನು ಚೀಲದಲ್ಲಿ ಅಡಗಿಸಿಕೊಂಡು, ಎಲ್ಲರಿಗೂ ಸಮಾಧಾನ ಹೇಳಿಬರೋಣ ಎಂದು ಅಕ್ಕನ ಬೀದಿಗೆ ಹೋದರು. ತಿರುವಿನಲ್ಲಿ ತಾವು ಬೇರೆ ಬೀದಿಗೆ ಬಂದೆವೇನೋ ಎಂದು ಗಕ್ಕನೆ ನಿಂತರು. ಬ್ರೆಡ್ ಅಂಗಡಿ ಗಿಳಿಹಸಿರಾಗಿತ್ತು. ಮೇಷ್ಟ್ರ ಬಾಲ್ಕನಿ ಗುಲಾಬಿಯಾಗಿ, ಕೆಳಗೆ ಎರಡು ಹೊಸ ಕಂಬಗಳ ಮೇಲೆ ಕೂತಿತ್ತು. ಗಡಿಯಾರದವನು ಏಣಿ ಹತ್ತಿ ತನ್ನ ಹಲಗೆಗೆ ನೀಲಿ ಬಳಿಯುತ್ತಿದ್ದ. ವರ್ಷಗಟ್ಟಲೆ ಬಿಸಿಲು ಮಳೆ ತಿಂದು ಪಕ್ವವಾಗಿದ್ದ ಆ ಕಂದು, ಆ ಬೂದು, ಆ ಪಾಚಿಗಟ್ಟಿದ ಕಪ್ಪು, ಎಲ್ಲ ಸತ್ತುಹೋಗಿದ್ದವು. ಪ್ರಮಾಣಪತ್ರ ಕೊಡುವುದೊಂದು ಬಾಕಿ. ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಅದನ್ನು ಏಣಿಯ ಮೇಲಿನಿಂದ ಕಂಡ ಗಡಿಯಾರದವನು, "ನೋಡಿದ್ರಾ, ಕೆಡವೋಕೆ ಅವರಿಗೂ ಮನಸ್ಸಿಲ್ಲ ಪಾಪ" ಎಂದು ಪಕ್ಕದವನಿಗೆ ಹೇಳಿ, ಇನ್ನಷ್ಟು ಗಟ್ಟಿಯಾಗಿ ಬಳಿಯತೊಡಗಿದ.

ಇಡೀ ಬೀದಿಯಲ್ಲಿ ಬಣ್ಣ ಕಾಣದೆ ಉಳಿದದ್ದು ಒಂದೇ ಗೋಡೆ, ಅಕ್ಕನದು.

"ನೀನ್ಯಾಕೆ ಬಳಿಸಿಲ್ಲ?" ಎಂದರು ಗುಮಾಸ್ತರು ಒಳಗೆ ಹೋಗಿ.

ಅಕ್ಕ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ನನಗೇನು ಭಯ? ನನ್ನ ತಮ್ಮನೇ ನಗರಸಭೇಲಿ ಇದಾನಲ್ಲ. ಎಲ್ಲರಿಗೂ ಹಾಗೇ ಹೇಳಿದೀನಿ. ನನ್ನ ಮನೆ ಒಂದು ಇಟ್ಟಿಗೆ ಅಲ್ಲಾಡೋಕೆ ಅವನು ಬಿಡಲ್ಲ ಅಂತ."

ಗುಮಾಸ್ತರು ಕ್ಯಾಮೆರಾದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

ಸೋಮವಾರ ಇಂಜಿನಿಯರ್ ಸಾಹೇಬರಿಂದ ಕರೆ ಬಂತು. ಮೇಷ್ಟ್ರು ಅಷ್ಟು ಹೊತ್ತಿಗೆ ನಗರಸಭೆಗೆ ಬಂದು, ಸರ್ವೆ ನಡೆಯುತ್ತಿದೆಯಲ್ಲ, ನಮ್ಮ ಆಕ್ಷೇಪಣೆ ಯಾರಿಗೆ ಕೊಡಬೇಕು ಎಂದು ಕೇಳಿಹೋಗಿದ್ದರು. ಸಾಹೇಬರಿಗೆ ಯಾವ ಸರ್ವೆಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅವರ ಹುದ್ದೆಯಲ್ಲಿ ಇರಲಿಲ್ಲ. "ಪರಿಶೀಲನೆಯಲ್ಲಿದೆ" ಎಂದು ಹೇಳಿ ಕಳಿಸಿದ್ದರು.

"ಕೂತ್ಕೊಳ್ಳಿ" ಎಂದರು ಸಾಹೇಬರು. ಗುಮಾಸ್ತರು ಕುರ್ಚಿಯ ತುದಿಯಲ್ಲಿ ಕೂತರು. "ಮೇಲಿನವರು ನೇರವಾಗಿ ನಿಮಗೇ ಹೇಳಿದಾರಾ? ನನ್ನನ್ನ ಬಿಟ್ಟು?"

"ಮೇಲಿನವರು ಯಾರೂ ಇಲ್ಲ ಸಾರ್."

"ಹೆಸರು ಹೇಳೋದು ಬೇಡ. ಹೌದು ಅಥವಾ ಅಲ್ಲ ಅಂತ ತಲೆ ಅಲ್ಲಾಡಿಸಿ, ಸಾಕು."

ಗುಮಾಸ್ತರು ಭಯದಲ್ಲಿ ತಲೆಯನ್ನು ಎಲ್ಲ ದಿಕ್ಕಿಗೂ ಅಲ್ಲಾಡಿಸಿದರು. ಸಾಹೇಬರು ಅದನ್ನು ತಮಗೆ ಬೇಕಾದಂತೆ ಓದಿಕೊಂಡರು. ಇದು ಬರೀ ಹವ್ಯಾಸ ಎಂದು ತೋರಿಸಿಬಿಟ್ಟರೆ ಪೀಡೆ ತೊಲಗುತ್ತದೆ ಎಂದು ಗುಮಾಸ್ತರಿಗೆ ಅನಿಸಿತು. ಚೀಲದಿಂದ ಅಚ್ಚು ಹಾಕಿಸಿದ್ದ ಚಿತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಆ ಅವಸರದಲ್ಲೂ ಅತ್ಯುತ್ತಮವಾದದ್ದನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ನೋಡುವ ಕಣ್ಣು ಇದ್ದವರ ಹಣೆಬರಹವೇ ಅಷ್ಟು.

ಸಾಹೇಬರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗುಮಾಸ್ತರು ಮೆಚ್ಚುಗೆಗೆ ಕಾದರು.

"ಈ ಮನೇಲಿ ಮನುಷ್ಯರು ವಾಸ ಇದಾರಾ?"

"ಸಾರ್?"

"ಮೇಲಿಂದ ಕೆಳಗೆ ಸೀಳಿದೆಯಲ್ರೀ. ಗಿಡ ಬೇರೆ ಬೆಳೆದಿದೆ. ನಾಳೆ ಯಾರ ತಲೆ ಮೇಲಾದರೂ ಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಇವು ನನ್ನ ಹತ್ರ ಇರಲಿ. ನಾಡಿದ್ದು ಬೆಳಗ್ಗೆ ನಾನೇ ಬರ್ತೀನಿ, ನೀವೂ ಜೊತೆಗಿರಿ. ಗೋಡೆ ಹೀಗೇ ಇದ್ರೆ ಅವತ್ತೇ ಮನೆ ಖಾಲಿ ಮಾಡಿಸಿ ಕೆಡವೋದು."

ಗುಮಾಸ್ತರು ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತರು. ಕೋಲು ಕೊಟ್ಟು ಹೊಡೆಸಿಕೊಳ್ಳುವವರನ್ನು ಜಗತ್ತು ಕಂಡಿದೆ. ಇವರು ಕೋಲು ಕೊಟ್ಟು, ಅಕ್ಕನ ಮನೆಯ ದಾರಿಯನ್ನೂ ತೋರಿಸಿ ಬಂದಿದ್ದರು.

ಆಫೀಸು ಬಿಟ್ಟವರು ನೇರ ಅಕ್ಕನ ಮನೆಗೆ ಓಡಿದರು. ಏದುಸಿರು ಬಿಡುತ್ತಾ ಎಲ್ಲವನ್ನೂ ಒದರಿದರು. ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದರು. ಅಕ್ಕ ಹೊಲಿಯುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆ ಮಡಿಸಿಟ್ಟಳು.

"ಖಾಲಿ ಮಾಡು ಅಂದ್ರೆ ನಾನು ಎಲ್ಲಿಗೋ ಹೋಗಲಿ?" ಎಂದಳು.

ಅಷ್ಟೇ ಕೇಳಿದ್ದು. ಗುಮಾಸ್ತರಿಗೆ ಅಲ್ಲೇ ನೆಲ ಬಿರಿದು ತಮ್ಮನ್ನು ನುಂಗಬಾರದೇ ಅನಿಸಿತು. ಹಾಗೆ ಬಿರಿದಿದ್ದರೆ ಅದನ್ನೂ ಸಾಹೇಬರು ಬರೆದುಕೊಳ್ಳುತ್ತಿದ್ದರು ಎಂಬ ಯೋಚನೆಯೂ ಹಿಂದೆಯೇ ಬಂತು.

ಮೇಷ್ಟ್ರ ಕಂಬ ಕಟ್ಟಿದ್ದ ಗಾರೆ ಮೇಸ್ತ್ರಿಯನ್ನು ಅಕ್ಕ ಕರೆಸಿದಳು. ಅವನು ಬಿರುಕಿನ ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿ, ಗಿಡ ಕಿತ್ತು, ಒಳಗೆ ಬೆರಳು ಹಾಕಿ ನೋಡಿದ. "ಗಾರೆ ಬಿಟ್ಟಿದೆ ಅಮ್ಮ, ಒಳಗಿನ ಕಲ್ಲು ಗಟ್ಟಿಯಾಗಿದೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬೀಳಲ್ಲ" ಎಂದ. ಹಾಗಾದರೆ ಅದನ್ನೇ ಸಾಹೇಬರಿಗೆ ಹೇಳಿದರಾಯಿತು ಎಂದು ನೀವು ಕೇಳಬಹುದು. ನೀವು ನಗರಸಭೆಯಲ್ಲಿ ಕೆಲಸ ಮಾಡಿದವರಲ್ಲ ಎಂದಾಯಿತು. ಕೆಡವಲು ಬರುವ ಅಧಿಕಾರಿ ಏನಾದರೂ ಕೆಡವದೆ ಹೋಗುವುದಿಲ್ಲ.

ಸುದ್ದಿ ತಿಳಿದು ಬೀದಿಯೇ ಬಂತು. ಮೇಸ್ತ್ರಿ ಗಾರೆ ಮೆತ್ತಿದ. ಅದು ಆರಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಉಳಿದ ಬಣ್ಣದ ಡಬ್ಬ ತಂದರು. ಯಾವ ಒಂದು ಬಣ್ಣವೂ ಇಡೀ ಗೋಡೆಗೆ ಸಾಲಲಿಲ್ಲ. ಕೆಳಗೆ ಗಿಳಿಹಸಿರು, ನಡುವೆ ಗುಲಾಬಿ, ಮೇಲೆ ಗಡಿಯಾರದವನ ನೀಲಿ. ಗುಮಾಸ್ತರು ಸ್ವತಃ ಬ್ರಷ್ಷು ಹಿಡಿದು, ತಮ್ಮ ಬದುಕಿನ ಅತ್ಯುತ್ತಮ ಚಿತ್ರದ ಮೇಲೆ ಗುಲಾಬಿ ಬಣ್ಣ ಬಳಿದರು. ಅವರ ಅಂಗಿಯ ಮೇಲೂ ಬಿತ್ತು, ಅದು ಇವತ್ತಿಗೂ ಹೋಗಿಲ್ಲ.

ಹೇಳಿದ ದಿನ ಬೆಳಗ್ಗೆ ಸಾಹೇಬರು ಚಿತ್ರಗಳನ್ನು ಕೈಯಲ್ಲಿ ಹಿಡಿದು ಬೀದಿಗೆ ಬಂದರು. ಒಂದು ಚಿತ್ರ ನೋಡುವುದು, ಒಂದು ಮನೆ ನೋಡುವುದು. ಬ್ರೆಡ್ ಅಂಗಡಿಯ ಮುಂದೆ ನಿಂತರು, ತಲೆ ಕೆರೆದುಕೊಂಡರು. ಬಾಲ್ಕನಿಯ ಮುಂದೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರು. ಕೊನೆಗೆ ಅಕ್ಕನ ಗೋಡೆಯ ಮುಂದೆ ಬಂದು ನಿಂತಾಗ ಅವರ ಮುಖ ಗಂಭೀರವಾಯಿತು.

"ಎರಡರಲ್ಲಿ ಒಂದು ಸುಳ್ಳು" ಎಂದರು. "ಈ ಫೋಟೋ ನಿಜ ಆಗಿದ್ರೆ, ಯಾರೋ ಬಿರುಕು ಮುಚ್ಚಿ ಸರ್ಕಾರದ ಕಣ್ಣಿಗೆ ಮಣ್ಣೆರಚಿದಾರೆ. ಆಗ ಬಣ್ಣ ಕೆರೆಸಿ, ಗೋಡೆ ಒಡೆಸಿಯೇ ನೋಡಬೇಕಾಗುತ್ತೆ. ಏನ್ರೀ ಗುಮಾಸ್ತರೇ, ನಿಮ್ಮ ಫೋಟೋ ನಿಜವೋ ಸುಳ್ಳೋ?"

ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆ ಟೇಪು. ಅವಳು ಗೋಡೆ ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ, ತಮ್ಮನನ್ನು ನೋಡುತ್ತಿದ್ದಳು.

ಗುಮಾಸ್ತರಿಗೆ ಸ್ಟುಡಿಯೋದವನ ಮಾತು ನೆನಪಾಯಿತು. ಅದನ್ನು ನುಂಗಿಕೊಂಡರು.

"ಸಾರ್, ನನಗೆ ಫೋಟೋ ತೆಗೆಯೋಕೆ ಬರಲ್ಲ."

"ಏನು?"

"ಬರಲ್ಲ ಸಾರ್. ಕ್ಯಾಮೆರಾನೂ ಹಳೇದು, ಕೈಯೂ ನಡುಗುತ್ತೆ. ನಾನು ಏನು ತೆಗೆದರೂ ಮುದಿಯಾಗಿ, ಸೀಳು ಬಿಟ್ಟ ಹಾಗೆ ಬರುತ್ತೆ. ಚೆನ್ನಾಗಿರೋದೆಲ್ಲ ಹಾಳಾಗೇ ಕಾಣುತ್ತೆ."

"ನಂಬೋದು ಹೇಗೆ?"

ಗುಮಾಸ್ತರು ಚೀಲ ಬಿಚ್ಚಿದರು. "ತಾವು ಒಂದು ನಿಮಿಷ ಹಾಗೇ ನಿಂತ್ಕೊಳ್ಳಿ ಸಾರ್. ಸ್ವಲ್ಪ ಬಿಸಿಲಿಗೆ ಬನ್ನಿ."

ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು, ಕೂದಲು ಸವರಿಕೊಂಡು ನಿಂತರು. ಗುಮಾಸ್ತರು ಮಂಡಿಯೂರಿ ಕೂತು, ಕೆಳಗಿನಿಂದ, ಬೆಳಗಿನ ಓರೆ ಬಿಸಿಲು ಮುಖದ ಮೇಲೆ ಬೀಳುವಂತೆ, ಒಂದು ಕಣ್ಣು ಮುಚ್ಚಿ ಕ್ಲಿಕ್ಕಿಸಿದರು. ಕ್ಯಾಮೆರಾದ ಪುಟ್ಟ ಪರದೆಯನ್ನು ಸಾಹೇಬರ ಮುಂದೆ ಹಿಡಿದರು.

ಸಾಹೇಬರು ನೋಡಿದರು. ಕಣ್ಣಿನ ಕೆಳಗೆ ಎರಡು ಚೀಲ. ಹಣೆಯಲ್ಲಿ ಸಾಲು ಸಾಲು ಗೆರೆ. ಮೂಗಿನಿಂದ ಬಾಯಿಯವರೆಗೆ ಮೇಲಿಂದ ಕೆಳಗೆ ಒಂದು ಸೀಳು. ಎಷ್ಟೋ ವರ್ಷ ಎಷ್ಟೋ ಜನರಿಗೆ ಹೆದರಿ ಎಷ್ಟೋ ಜನರನ್ನು ಹೆದರಿಸಿದ ಒಬ್ಬ ದಣಿದ ಮನುಷ್ಯ ಅಲ್ಲಿಂದ ಅವರನ್ನೇ ನೋಡುತ್ತಿದ್ದ.

"ಇದು ನಾನಾ?"

"ಅದನ್ನೇ ಸಾರ್ ನಾನು ಹೇಳಿದ್ದು."

ಬ್ರೆಡ್ ಅಂಗಡಿಯ ಯಜಮಾನಿತಿ ಇಣುಕಿ ನೋಡಿ, "ಅಯ್ಯೋ, ಇವರು ಸಾಹೇಬರ ತಂದೆಯವರಾ?" ಎಂದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ತಂದೆಯವರೂ ಇಷ್ಟು ಹಳಬರಿರಲಾರರು" ಎಂದರು. ಗಡಿಯಾರದವನು ಭೂತಗನ್ನಡಿ ಹಾಕಿಕೊಂಡು ನೋಡಿ ಲೊಚಗುಟ್ಟಿದ.

"ನಾನು ಹೀಗಿಲ್ಲ ತಾನೇ?" ಎಂದರು ಸಾಹೇಬರು, ಸಣ್ಣ ಧ್ವನಿಯಲ್ಲಿ.

"ಎಲ್ಲಾದರೂ ಉಂಟೇ ಸಾರ್" ಎಂದಿತು ಇಡೀ ಬೀದಿ.

ಸಾಹೇಬರು ಚಿತ್ರಗಳ ಕಟ್ಟನ್ನು ಗುಮಾಸ್ತರ ಕೈಗೆ ತುರುಕಿದರು. "ಇದನ್ನೆಲ್ಲ ಹರಿದು ಹಾಕಿ. ನನ್ನದನ್ನ ಮೊದಲು ಅಳಿಸಿ. ಜನನ-ಮರಣದಲ್ಲಿದೀರಿ, ಅಷ್ಟನ್ನ ನೋಡ್ಕೊಳ್ಳಿ, ನಡುವಿನದೆಲ್ಲ ನಿಮಗೆ ಬೇಡ" ಎಂದು ಬಿರಬಿರನೆ ನಡೆದರು. ತಿರುವಿನಲ್ಲಿ ಒಂದು ಕಿಟಕಿಯ ಗಾಜಿನ ಮುಂದೆ ನಿಂತು, ತಮ್ಮ ಮುಖವನ್ನು ಮುಟ್ಟಿ ನೋಡಿಕೊಂಡು ಮರೆಯಾದರು.

ಜನ ಗುಮಾಸ್ತರ ಬೆನ್ನು ತಟ್ಟಿದರು. ಕೆಟ್ಟ ಫೋಟೋ ತೆಗೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ ಎಂದು ಹೊಗಳಿದರು. ಗುಮಾಸ್ತರು ನಕ್ಕರು. ತಾವು ತೆಗೆದದ್ದರಲ್ಲೆಲ್ಲ ಅತಿ ನಿಜವಾದ ಚಿತ್ರ ಅದು ಎಂದು ಅವರೊಬ್ಬರಿಗೇ ಗೊತ್ತಿತ್ತು. ಗುಂಡಿ ಒತ್ತಿ ಅದನ್ನು ಅಳಿಸಿದರು.

ಎಲ್ಲರೂ ಹೋದ ಮೇಲೆ ಅಕ್ಕ ಟೀ ತಂದು ಮೆಟ್ಟಿಲ ಮೇಲೆ ಕೂತಳು. ಗುಮಾಸ್ತರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಗಂಟು ಬಿಗಿದು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಿದ್ದರು.

"ನನ್ನದೊಂದು ತೆಗಿ" ಎಂದಳು ಅಕ್ಕ.

"ಬೇಡ ಅಕ್ಕ. ಇದರಲ್ಲಿ ಚೆನ್ನಾಗಿ ಬರಲ್ಲ."

"ತೆಗೆಯೋ ಅಂದ್ರೆ. ನಿಮ್ಮ ಭಾವ ಹೋದ ಮೇಲೆ ನನ್ನ ಫೋಟೋನ ಯಾರು ತೆಗೆದಿದಾರೆ?"

ಗುಮಾಸ್ತರು ಗಂಟು ಬಿಚ್ಚಿದರು. ಅಕ್ಕ ಸೆರಗು ಸರಿಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ. ಮೂರು ಬಣ್ಣದ ಗೋಡೆಗೆ ಒರಗಿ ಇದ್ದ ಹಾಗೇ ಕೂತಳು. ತೆಗೆದದ್ದನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇಷ್ಟು ಮುದುಕಿ ಆಗಿಬಿಟ್ಟಿದೀನೇನೋ?"

"ಇಲ್ಲ ಅಕ್ಕ, ಆಗಲೇ ಹೇಳಿದೆನಲ್ಲ, ಈ ಕ್ಯಾಮೆರಾನೇ ಹಾಗೆ."

"ಆ ಸುಳ್ಳನ್ನ ನಿಮ್ಮ ಸಾಹೇಬರಿಗೆ ಇಟ್ಕೋ. ನನಗೆ ಬೇಡ" ಎಂದಳು ಅಕ್ಕ. ಪರದೆಯನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದಳು. "ಚೆನ್ನಾಗಿ ತೆಗೆದಿದೀಯ. ನಾನು ಹೀಗೇ ಇದೀನಿ."

ಆಮೇಲೆ ಅವಳ ಬೆರಳು ಪರದೆಯ ಮೂಲೆಗೆ ಹೋಯಿತು. ಅಲ್ಲಿ, ಅವಳ ಭುಜದ ಹಿಂದೆ, ಗುಲಾಬಿ ಬಣ್ಣದ ನಡುವೆ ಕೂದಲೆಳೆಯಷ್ಟು ಗೆರೆ. ಆ ಗೆರೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ಹಸಿರು. ಗುಮಾಸ್ತರು ಥಟ್ಟನೆ ತಿರುಗಿದರು. ಬೀದಿಯ ಆ ತುದಿಗೂ ಈ ತುದಿಗೂ ಕಣ್ಣು ಹಾಯಿಸಿದರು. ಯಾರೂ ಇರಲಿಲ್ಲ.

"ನೋಡೋ ಕಣ್ಣು ಇರೋದು ಒಳ್ಳೇದೇ ಕಣೋ" ಎಂದಳು ಅಕ್ಕ, ಟೀ ಲೋಟ ಕೆಳಗಿಟ್ಟು. "ಬಾಗಿಲ ಹಿಂದೆ ಬ್ರಷ್ಷಿದೆ. ಕಂಡವನೇ ಬಳಿಯಬೇಕು, ಹೋಗಿ ತಗೊಂಡು ಬಾ."